ಮನೆಯಲ್ಲಿ ಮೂರು ತರದ ಸಂಗೀತ, ಸ್ಪೀಕರ್ ಒಂದೇ ಜೋಡಿ

ಅಣ್ಣಾ, ನಿಮ್ಮ ತಂದೆಯವರಿಗೆ ಹಿಂದೂಸ್ತಾನಿ, ಮನೆಯವರಿಗೆ ಹಳೆ ಸಿನಿಮಾ ಹಾಡು, ಮಗನಿಗೆ ಮೆಟಲ್ (ಅಬ್ಬರದ ರಾಕ್ ಸಂಗೀತ). 3 ಲಕ್ಷದೊಳಗೆ ಯಾವ ಸ್ಪೀಕರ್ ಅಂತ ಕೇಳಿದ್ದೀರಿ. ಕಂಪನಿ ಹೆಸರು ಆಮೇಲೆ ನೋಡೋಣ. ಅಂಗಡಿಯಲ್ಲಿ ಹೇಗೆ ಕೇಳಬೇಕು ಅನ್ನೋದೇ ಮುಖ್ಯ, ನಾನು ಎಡವಿದ್ದು ಅಲ್ಲೇ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನೆಲದ ಮೇಲೆ ನಿಲ್ಲುವ ದೊಡ್ಡ ಟವರ್ ಸ್ಪೀಕರ್ ಕೇಳಿ ಮನಸೋತು ಕೊಂಡುಬಂದೆ. ಅಲ್ಲಿ ನೆಲಕ್ಕೆ ದಪ್ಪ ಕಾರ್ಪೆಟ್, ಗೋಡೆಗೆಲ್ಲ ಪ್ಯಾನೆಲ್. ಸೋಮವಾರಪೇಟೆಯ ನಮ್ಮ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ, ಬರೀ ಗೋಡೆ. ಬಾಸ್ (ತಗ್ಗಿನ ಸ್ವರ) ಬಂದಾಗಲೆಲ್ಲ ಹಾಲ್ ಪೂರ್ತಿ ಗುಂಯ್ ಅನ್ನುತ್ತಿತ್ತು, ಹಾಡಿನ ಮಾತೇ ತಿಳಿಯುತ್ತಿರಲಿಲ್ಲ. ನಿಮ್ಮ ಹಾಲ್ 12 ಅಡಿ ಅಗಲ ಅಂದಿರಿ. ಅಷ್ಟು ಅಗಲದಲ್ಲಿ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಆಸುಪಾಸಿನ ಸ್ವರ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಬಾಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ಮಗನ ಸಂಗೀತ ಓಡಾಡುವುದು ಅಲ್ಲೇ, ಅಲ್ವಾ? ಅದಕ್ಕೆ ನಿಮಗೆ ಟವರ್ ಬೇಡ. ಒಳ್ಳೆಯ ಬುಕ್‌ಶೆಲ್ಫ್ ಜೋಡಿ (ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಸ್ಪೀಕರ್) ತಗೊಳ್ಳಿ, ಬೇಕೆನಿಸಿದರೆ ಆಮೇಲೆ ಸಬ್ ವೂಫರ್ (ಬಾಸ್ ಮಾತ್ರ ನುಡಿಸುವ ಬೇರೆ ಸ್ಪೀಕರ್) ಸೇರಿಸಿ. ಮಗ ಕೇಳುವಾಗ ಆನ್, ತಂದೆಯವರು ಕೂತಾಗ ಆಫ್.

ಡೆಮೊಗೆ ಹೋಗುವಾಗ ಮೂವರೂ ದಿನಾ ಕೇಳುವ ಹಾಡುಗಳನ್ನೇ ಒಯ್ಯಿರಿ. ಅಂಗಡಿಯವರು ಹಾಕುವ ಹಾಡಿಗೆ ಯಾವ ಸ್ಪೀಕರ್ ಆದರೂ ಚೆನ್ನಾಗಿಯೇ ಕೇಳುತ್ತದೆ. ಎರಡು ಜೋಡಿ ಹೋಲಿಸುವಾಗ ಆಂಪ್ಲಿಫೈಯರ್ ಒಂದೇ ಇರಲಿ, ಮತ್ತೆ ಸದ್ದು ಸಮ ಇರಲೇಬೇಕು. ಸ್ವಲ್ಪ ಜೋರಾಗಿದ್ದದ್ದೇ ಕಿವಿಗೆ ಚೆಂದ ಅನಿಸಿಬಿಡುತ್ತದೆ. ಒಂದು ಸ್ಪೀಕರಿನ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಸದ್ದು ಬರುತ್ತದೆ ಅನ್ನೋ ಅಳತೆ) 85 ಡೆಸಿಬೆಲ್, ಇನ್ನೊಂದರದ್ದು 91 ಅಂತಿದ್ದರೆ, ಮೊದಲನೆಯದಕ್ಕೆ ಅಷ್ಟೇ ಸದ್ದು ಬರಲು ನಾಲ್ಕು ಪಟ್ಟು ಪವರ್ ಬೇಕು. ಫೋನಿನ ಸೌಂಡ್ ಮೀಟರ್ ಆ್ಯಪ್‌ನಲ್ಲಿ ಅಳೆದು ಸಮ ಮಾಡಿಸಿ. ಸಂಕೋಚ ಬೇಡ, ದುಡ್ಡು ಕೊಡೋದು ನೀವು.

ಏನನ್ನು ಕೇಳಬೇಕು ಅಂದರೆ, ಎದುರು ಕೂತು ಕೇಳಿ ಗೊತ್ತಿರುವ ಸದ್ದನ್ನು. ಮದುವೆ ಮನೆಯ ವಾಲಗ, ಹುತ್ತರಿ ಸುಗ್ಗಿ ಹಬ್ಬದ ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ) ನಮ್ಮ ಕಿವಿಯಲ್ಲಿ ಕೂತುಬಿಟ್ಟಿದೆ. ದುಡಿಯ ಪೆಟ್ಟು ಬಿದ್ದ ಕೂಡಲೇ ನಿಲ್ಲುತ್ತದೆ, ಎಳೆಯುವುದಿಲ್ಲ. ಮಗನ ಹಾಡಿನ ಡ್ರಮ್ಮೂ ಹಾಗೆ ನಿಲ್ಲಬೇಕು. ಭೀಮಸೇನ ಜೋಶಿಯವರದ್ದು ಹಾಕಿದಾಗ ಹಿಂದಿನ ತಂಬೂರ ಕೊನೆವರೆಗೂ ಬೇರೆಯಾಗಿ ಕೇಳುತ್ತಿದೆಯಾ ನೋಡಿ. ಪಿ.ಬಿ. ಶ್ರೀನಿವಾಸ್ ದನಿ ಎದೆಯಿಂದ ಬರಬೇಕು, ಮೂಗಿನಿಂದ ಅಲ್ಲ. ಹಳೆ ಮೋನೊ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ) ಹಾಡಿನಲ್ಲಿ ಇನ್ನೊಂದು ಗುಟ್ಟಿದೆ: ದನಿ ಎರಡು ಸ್ಪೀಕರ್‌ಗಳ ಸರಿ ಮಧ್ಯೆ ನಿಲ್ಲಬೇಕು. ಆ ಕಡೆ ಈ ಕಡೆ ಜಾರಿದರೆ ಇಟ್ಟ ಜಾಗ ಸರಿಯಿಲ್ಲ, ಇಲ್ಲವೇ ಜೋಡಿಯೇ ಸರಿಯಿಲ್ಲ.

ಐದು ನಿಮಿಷಕ್ಕೆ ತೀರ್ಮಾನ ಮಾಡಬೇಡಿ. ಮುಕ್ಕಾಲು ಗಂಟೆ ಕೂತ ಮೇಲೂ ಕಿವಿ ದಣಿಯದಿದ್ದರೆ ಅದು ಒಳ್ಳೆ ಸ್ಪೀಕರ್. ಕಡಿಮೆ ಸದ್ದಿನಲ್ಲೂ ಕೇಳಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ನೀವು ಕೇಳೋದು ಹಾಗೇ ತಾನೇ.

ಇನ್ನು ಹೆಸರು. ಕೆಇಎಫ್ ಕಂಪನಿಯ ಎಲ್‌ಎಸ್50 ಮೊದಲು ಕೇಳಿ. 1970ರ ದಶಕದಲ್ಲಿ ಬಿಬಿಸಿ ತನ್ನ ಪ್ರಸಾರದ ವ್ಯಾನುಗಳಿಗೆ ಮಾಡಿಸಿದ ಪುಟ್ಟ ಸ್ಪೀಕರಿನ ನೆನಪಿಗೆ 2012ರಲ್ಲಿ ತಂದದ್ದು (2020ರಲ್ಲಿ ಅದರ ಜಾಗಕ್ಕೆ ಎಲ್ಎಸ್50 ಮೆಟಾ ಬಂತು), ದನಿಗೆ ಬಹಳ ಚೆನ್ನ. ಹೋಲಿಸಲು ಕ್ಲಿಪ್ಶ್ ಕಂಪನಿಯ ಒಂದು ಜೋಡಿ ಕೇಳಿ. ಮೆಟಲ್‌ಗೆ ಜೀವ ಬರುತ್ತದೆ, ಆದರೆ ನನ್ನ ಕಿವಿಗೆ ಹಳೆ ಹಾಡು ಅದರಲ್ಲಿ ಸ್ವಲ್ಪ ಚುಚ್ಚಿತು. ನನ್ನ ಓಟು ಮೊದಲನೆಯದಕ್ಕೆ.

ಹಳೇ ಜೋಡಿ ಸಿಕ್ಕಿದರೆ ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಅಂಚು ಮುಟ್ಟಿ ನೋಡಿ. ರಬ್ಬರ್ ಇರಬೇಕು. ಫೋಮ್ ನಮ್ಮ ಮಳೆಗಾಲದ ತೇವಕ್ಕೆ ಬೇಗ ಪುಡಿಯಾಗುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿಗೆ ಸಿಡಿಲು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ.

ಸಾಧ್ಯವಾದರೆ ಎರಡು ದಿನ ಮನೆಯಲ್ಲಿಟ್ಟು ಕೇಳಲು ಕೊಡುವ ಅಂಗಡಿಯನ್ನೇ ಹಿಡಿಯಿರಿ, ಡಿಪಾಸಿಟ್ ಕೇಳಿದರೂ ಪರವಾಗಿಲ್ಲ. ಹಾಲ್‌ನ ಕಿಟಕಿ, ಬಾಗಿಲು ಯಾವ ಗೋಡೆಗಿವೆ ಅಂತ ಒಂದು ಫೋಟೋ ಹಾಕಿ, ಎಲ್ಲಿ ಇಡಬಹುದು ಅಂತ ಹೇಳುತ್ತೇನೆ.