ಕಾಲ್ ಸೆಂಟರ್‌ನಲ್ಲಿ ಲಾಗಿನ್‌ಗೆ ಮುಂಚೆ ಮಾಡಿದ ಕೆಲಸದ ದುಡ್ಡು ಕೇಳಬಹುದಾ?

ನೀವು ಕೇಳಿದ್ದು ಇಷ್ಟು: ಬೆಳಗಾವಿಯ ಕಾಲ್ ಸೆಂಟರ್‌ನಲ್ಲಿ ಶಿಫ್ಟ್ ಹತ್ತಕ್ಕೆ, ಆದರೆ ಒಂಬತ್ತೂವರೆಗೇ ಬಂದು ಸಿಸ್ಟಂ ಆನ್ ಮಾಡಿ ಬ್ರೀಫಿಂಗ್‌ಗೆ ನಿಲ್ಲಬೇಕಿತ್ತು. ಆ ಹೊತ್ತಿಗೆ ಸಂಬಳ ಕೊಟ್ಟಿಲ್ಲ. ಈಗ ಕೆಲಸ ಬಿಟ್ಟಾಗಿದೆ, ಆ ದುಡ್ಡು ಸಿಗುತ್ತಾ?

ಸಿಗುತ್ತದೆ. ನನಗೆ ಸಿಕ್ಕಿದೆ, ಪೂರ್ತಿ ಅಲ್ಲ.

ನಾನು ಟಿಳಕವಾಡಿ ಕಡೆ ಒಂದು ಆಫೀಸಿನಲ್ಲಿದ್ದೆ. ಹೆಸರು ಬೇಡ. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತಿದ್ದರಿಂದ ಕೆಲಸ ಸುಲಭವಾಗಿ ಸಿಕ್ಕಿತ್ತು. ಸಂಬಳ 15,600. ಹತ್ತರಿಂದ ಏಳು, ನಡುವೆ ಒಂದು ಗಂಟೆ ಬ್ರೇಕ್, ವಾರಕ್ಕೆ ಆರು ದಿನ. ಡೆಸ್ಕಿನಲ್ಲಿದ್ದದ್ದು ಹಳೇ ಡಬ್ಬಾ ಕಂಪ್ಯೂಟರ್. ಬಟನ್ ಒತ್ತಿದರೆ ಫ್ಯಾನ್ ಹಿಟ್ಟಿನ ಗಿರಣಿ ಥರ ಶಬ್ದ ಮಾಡುತ್ತಿತ್ತು. ಮೊದಲು ವಿಂಡೋಸ್ ಪಾಸ್‌ವರ್ಡ್, ಆಮೇಲೆ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಸೇರಿಸುವುದು), ಆಮೇಲೆ ಸಿಆರ್‌ಎಂ (ಗ್ರಾಹಕರ ಮಾಹಿತಿ ಇರುವ ಸಾಫ್ಟ್‌ವೇರ್), ಕೊನೆಗೆ ಡಯಲರ್ (ಕರೆಗಳನ್ನು ಜೋಡಿಸುವ ಸಾಫ್ಟ್‌ವೇರ್). ಡಯಲರ್‌ನಲ್ಲಿ 'ರೆಡಿ' ಒತ್ತಿದ ಮೇಲೇ ಕಂಪನಿ ಲೆಕ್ಕದಲ್ಲಿ ನಾನು ಕೆಲಸಕ್ಕೆ ಬಂದ ಹಾಗೆ. 10 ಗಂಟೆ 1 ನಿಮಿಷಕ್ಕೆ ಒತ್ತಿದರೆ ಲೇಟ್ ಮಾರ್ಕ್. ಮೂರು ಲೇಟ್ ಮಾರ್ಕ್ ಆದರೆ ಅರ್ಧ ದಿನ ಕಟ್! ಸಂಜೆ ಲಾಗೌಟ್ ಆದ ಮೇಲೆ ಎಕ್ಸೆಲ್‌ನಲ್ಲಿ ರಿಮಾರ್ಕ್ಸ್ ತುಂಬಬೇಕಿತ್ತು. ಬೆಳಿಗ್ಗೆ 25 ನಿಮಿಷ, ಸಂಜೆ 20. ದಿನಕ್ಕೆ ಮುಕ್ಕಾಲು ಗಂಟೆ ಪುಕ್ಕಟೆ ದುಡಿಮೆ.

ನಾನು ಮೊದಲ ಸಲ ಕೇಳಿದಾಗ ಎಚ್‌ಆರ್ ನಗುತ್ತಾ ಹೇಳಿದ್ದು, 'ಎಂಟೂ ಮುಕ್ಕಾಲು ತಾಸು ಆಗೇದ ಅಷ್ಟ ಅಲ್ರೀ, ಒಂಬತ್ತು ದಾಟಿಲ್ಲಲ್ಲ, ಓಟಿ (ಓವರ್‌ಟೈಮ್) ಎಲ್ಲಿಂದ ಬರ್ತದ?' ಮಾತು ಸರಿ ಅನ್ನಿಸಿ ಸುಮ್ಮನಾದೆ. ಅಲ್ಲೇ ನಾನು ಎಡವಿದ್ದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಎರಡು ಗೆರೆ ಇವೆ. ದಿನಕ್ಕೆ 9 ಗಂಟೆ ಒಂದು, ವಾರಕ್ಕೆ 48 ಗಂಟೆ ಇನ್ನೊಂದು. ಯಾವುದೇ ಒಂದನ್ನು ದಾಟಿದರೂ ದಾಟಿದಷ್ಟಕ್ಕೆ ಎರಡು ಪಟ್ಟು ಸಂಬಳ. ಎಂಟೂ ಮುಕ್ಕಾಲನ್ನು ಆರು ದಿನಕ್ಕೆ ಗುಣಿಸಿ ನೋಡಿ, ಐವತ್ತೆರಡೂವರೆ. ಅಂದರೆ ವಾರಕ್ಕೆ ನಾಲ್ಕೂವರೆ ಗಂಟೆ ಓಟಿ. ಎಚ್‌ಆರ್ ಹೇಳಿದ್ದು ಮೊದಲನೇ ಗೆರೆ ಮಾತ್ರ.

'ಐಟಿ ಕಂಪನಿಗೆ ಲೇಬರ್ ಕಾನೂನಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸರ್ಕಾರ ಅವರಿಗೆ ವಿನಾಯಿತಿ ಕೊಡುತ್ತಾ ಬಂದಿದ್ದು ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಕಾನೂನು). ಅದು ಬೇರೆ ವಿಷಯ, ಓಟಿಗೂ ಅದಕ್ಕೂ ಸಂಬಂಧವಿಲ್ಲ.

ನಾನು ಲೆಕ್ಕ ಹಾಕಿದ್ದು ಹೀಗೆ. 15,600ನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75, ಡಬಲ್ ಅಂದರೆ 150. ವಾರಕ್ಕೆ ನಾಲ್ಕೂವರೆ ಗಂಟೆ, 675 ರೂಪಾಯಿ. ಹಬ್ಬ, ರಜೆ ಬಂದ ವಾರಗಳು 48 ದಾಟುವುದಿಲ್ಲ, ಅವನ್ನು ನೀವೇ ಮೊದಲು ತೆಗೆದುಬಿಡಿ. ಇಲ್ಲದಿದ್ದರೆ ಕಂಪನಿಯವರು ಅದೊಂದನ್ನೇ ಹಿಡಿದು 'ಲೆಕ್ಕವೇ ಸುಳ್ಳು' ಅನ್ನುತ್ತಾರೆ.

ಸಾಕ್ಷಿ ಎಲ್ಲಿಂದ? ಡಯಲರ್ ಲಾಗ್ ಅವರ ಹತ್ತಿರ ಇರುತ್ತದೆ, ಕೇಳಿದರೆ ಕೊಡುವುದಿಲ್ಲ. ನನ್ನನ್ನು ಉಳಿಸಿದ್ದು ನಮ್ಮ ಟಿಎಲ್ (ಟೀಮ್ ಲೀಡರ್) ವಾಟ್ಸಾಪ್ ಗ್ರೂಪಿಗೆ ದಿನಾ ಹಾಕುತ್ತಿದ್ದ ಮೆಸೇಜ್: 'ಎಲ್ಲರೂ 9.35ಕ್ಕೆ ಫ್ಲೋರ್ ಮೇಲೆ ಇರಬೇಕು.' ಪಾಪ, ಅವನೂ ನಮ್ಮ ಹಾಗೆಯೇ ಪುಕ್ಕಟೆ ಬರುತ್ತಿದ್ದ. ಗ್ರೂಪಿನಿಂದ ನಿಮ್ಮನ್ನು ತೆಗೆದುಹಾಕಿದ್ದರೂ ಹಳೇ ಚಾಟ್ ನಿಮ್ಮ ಫೋನಿನಲ್ಲೇ ಇರುತ್ತದೆ, ಡಿಲೀಟ್ ಮಾಡಬೇಡಿ, ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಪೇ ಸ್ಲಿಪ್, ಲೇಟ್ ಮಾರ್ಕಿನ ಮೇಲ್, ಬೆರಳಚ್ಚಿನ ಹಾಜರಿ ತೋರಿಸುವ ಆ್ಯಪ್‌ನ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ. ಗ್ರಾಹಕರ ಹೆಸರು, ನಂಬರ್ ಇರುವ ಯಾವ ಸ್ಕ್ರೀನಿನ ಫೋಟೋವನ್ನೂ ಇಟ್ಟುಕೊಳ್ಳಬೇಡಿ. ಅದರಿಂದ ಉಲ್ಟಾ ನಿಮ್ಮ ಮೇಲೇ ಕೇಸ್ ಬರಬಹುದು.

ಮೊದಲು ಕಂಪನಿಗೆ ಮೇಲ್ ಹಾಕಿ. ಒಂದೇ ಪುಟ, ಬೈಗುಳ ಬೇಡ: ಇಷ್ಟು ವಾರ, ಇಷ್ಟು ಗಂಟೆ, ಇಷ್ಟು ರೂಪಾಯಿ, 15 ದಿನದಲ್ಲಿ ಕೊಡಿ. ನನಗೆ ಉತ್ತರ ಬರಲಿಲ್ಲ. ಲೇಬರ್ ಆಫೀಸಿಗೆ ಹೋದೆ. ವಕೀಲರು ಬೇಕಾಗಲಿಲ್ಲ. ಅಲ್ಲಿನ ಸಾಹೇಬರು ನನ್ನ ನೋಟ್‌ಬುಕ್ಕಿನ ಹಾಳೆ ತಿರುವಿ, ವಾಟ್ಸಾಪ್ ಪ್ರಿಂಟ್ ಪಕ್ಕದಲ್ಲಿಟ್ಟು, ಪೆನ್ಸಿಲ್‌ನಿಂದ ಮೂರು ತಿಂಗಳಿಗೆ ಅಡ್ಡಗೆರೆ ಎಳೆದರು. ನಾನು ಸೇರಿದ್ದು 2022ರ ಜೂನ್, ಬಿಟ್ಟಿದ್ದು 2023ರ ಏಪ್ರಿಲ್, ಅರ್ಜಿ ಕೊಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಆಗಿನ ವೇತನ ಪಾವತಿ ಕಾಯ್ದೆಯಲ್ಲಿ ಗಡುವು 12 ತಿಂಗಳು. ಜೂನ್, ಜುಲೈ, ಆಗಸ್ಟ್ ಹೋಯಿತು. ಉಳಿದದ್ದು 31 ವಾರ, 20,925 ರೂಪಾಯಿ. ಎರಡು ಸಲ ಕರೆದರು. ಮೊದಲ ಸಲ ಕಂಪನಿಯಿಂದ ಯಾರೂ ಬರಲಿಲ್ಲ. ಎರಡನೇ ಸಲ ಅದೇ ಎಚ್‌ಆರ್ ಬಂದರು, 'ಇಷ್ಟ ಸಣ್ಣ ವಿಷಯಕ್ಕ ಇಲ್ಲೀತನಾ ಬರೋದೇನ್ರೀ?' ಅಂದರು. 17,000ಕ್ಕೆ ಮುಗಿಯಿತು, ಜೊತೆಗೆ ತಡೆದಿಟ್ಟಿದ್ದ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ಪತ್ರ). ಹೊಸ ಕೆಲಸಕ್ಕೆ ಆ ಲೆಟರ್ ಬೇಕೇ ಬೇಕಿತ್ತು, ಅದಕ್ಕೇ ಒಪ್ಪಿಕೊಂಡೆ.

ನಿಮ್ಮ ಸ್ಥಿತಿ ನನಗಿಂತ ವಾಸಿ. 2025ರ ನವೆಂಬರ್ 21ರಿಂದ ಹಳೇ ವೇತನ ಪಾವತಿ ಕಾಯ್ದೆಯ ಜಾಗಕ್ಕೆ ಬಂದ ವೇತನ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಕ್ಲೇಮ್ ಹಾಕಲು 3 ವರ್ಷ ಸಮಯವಿದೆ. ಸಂಬಳ ಕೊಟ್ಟಿದ್ದೇವೆ ಅಂತ ತೋರಿಸಬೇಕಾದವರು ಕಂಪನಿಯವರು, ನೀವಲ್ಲ. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತಲೂ ಇದೆ. '45 ದಿನ ಆಗುತ್ತೆ' ಅನ್ನುವುದು ಕಂಪನಿಗಳ ಹಳೇ ಚಾಳಿ.

ಸಿಸ್ಟಂ ಆನ್ ಮಾಡುವುದೂ ಒಂದು ಕೆಲಸವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದ ಲಾಸ್ ವೇಗಸ್‌ನ ಕಾಲ್ ಸೆಂಟರ್ ನೌಕರರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. 2022ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಕಂಪ್ಯೂಟರ್ ಇಲ್ಲದೆ ಅವರ ಕೆಲಸವೇ ನಡೆಯುವುದಿಲ್ಲ, ಹಾಗಾಗಿ ಅದನ್ನು ಆನ್ ಮಾಡುವುದೂ ಕೆಲಸವೇ ಅಂತ ಹೇಳಿತು. ಆ ತೀರ್ಪು ಇಲ್ಲಿ ನಡೆಯುವುದಿಲ್ಲ, ಆದರೆ ವಾದ ನಮಗೂ ಒಪ್ಪುತ್ತದೆ ಅಲ್ವಾ? ಲೇಬರ್ ಆಫೀಸಿನಲ್ಲಿ ನಾನು ಇದನ್ನು ಬೇರೆ ಥರ ಹೇಳಿದ್ದೆ: 'ಸರ್, ನಾನು ಆನ್ ಮಾಡದಿದ್ದರೆ ಹತ್ತಕ್ಕೆ ಫೋನ್ ಎತ್ತೋರು ಯಾರು?'

ಒಂದು ವಿಷಯ ನೀವು ಬರೆದಿಲ್ಲ. ಫುಲ್ ಅಂಡ್ ಫೈನಲ್ ಕಾಗದಕ್ಕೆ, ಅಂದರೆ ಕೆಲಸ ಬಿಡುವಾಗಿನ ಕೊನೆಯ ಲೆಕ್ಕದ ಕಾಗದಕ್ಕೆ, ಸಹಿ ಹಾಕಿದ್ದೀರಾ? 'ನನಗೆ ಏನೂ ಬಾಕಿ ಇಲ್ಲ' ಅನ್ನುವ ಸಾಲು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಇನ್ನೂ ಹಾಕಿಲ್ಲ ಅಂದರೆ ತಡೆಯಿರಿ, ಮೊದಲು ಮೇಲ್ ಕಳಿಸಿ. ಹಾಕಿದ್ದರೆ ಅದರ ಜೆರಾಕ್ಸ್ ಹಿಡಿದುಕೊಂಡೇ ಲೇಬರ್ ಆಫೀಸಿಗೆ ಹೋಗಿ.