ಆ ಬಾಗಿಲು ತೆಗೆದವಳು ಯಾರು?

ಈ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ಎರಡು ವರ್ಷದಿಂದ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುತ್ತಿರುವ ಶಿಕ್ಷಕಿ. ಅಕ್ಷರ ಕಲಿತ ಮೇಲೆ ಅವರಿಗೆ ಓದಲು ಏನೂ ಸಿಗುವುದಿಲ್ಲ ಅಂತ ತಾವೇ ಕಥೆ ಬರೆಯಲು ಶುರುಮಾಡಿದ್ದಾರೆ. ಕಾಗದದ ತಿರುಳು ಇಷ್ಟು:

“ಒಂದೂ ಒತ್ತಕ್ಷರ ಬಾರದ ಹಾಗೆ, ನಾಲ್ಕು ಪದಕ್ಕಿಂತ ಉದ್ದದ ವಾಕ್ಯ ಇಲ್ಲದ ಹಾಗೆ ಒಂದು ಕಥೆ ಬರೆದೆ. ಕುಡಿತ ಬಿಟ್ಟು ಹಣ ಉಳಿಸಿದವನ ಕಥೆ. ಎಲ್ಲರೂ ಓದಿದರು, ಮಡಚಿಟ್ಟರು. ಒಬ್ಬ ಹಿರಿಯರು ಮಾತ್ರ, ಅವನು ರಾತ್ರಿ ತಪ್ಪು ಮನೆಯ ಬಾಗಿಲು ಬಡಿದಾಗ ನೀರು ಕೊಟ್ಟಳಲ್ಲ, ಅವಳು ಯಾರು, ಅಷ್ಟು ಹೊತ್ತಿನಲ್ಲಿ ಯಾಕೆ ಎಚ್ಚರ ಇದ್ದಳು ಅಂತ ಕೇಳಿದರು. ಅದು ಮುಖ್ಯ ಅಲ್ಲ ಅಂದು ಮುಂದೆ ಹೋದೆ. ಭಾಷೆ ಇನ್ನೂ ಸುಲಭ ಆಗಬೇಕೇ?”

ಬೇಡ ಮೇಡಂ. ಭಾಷೆ ಈಗಲೇ ಬೇಕಾದ್ದಕ್ಕಿಂತ ಜಾಸ್ತಿ ಸವೆದಿದೆ. ಜೊತೆಗೆ ಕಳಿಸಿದ ಕಥೆಯನ್ನೂ ಓದಿದೆ. ಅದರ ಕೊನೆಯಲ್ಲಿ “ರಾಮು ಕುಡಿತದಿಂದ ದೂರ ಸರಿದನು” ಅಂತ ಇದೆ. ಹೀಗೆ ಯಾರು ಮಾತಾಡುತ್ತಾರೆ ಹೇಳಿ? “ರಾಮು ಕುಡಿಯೋದು ಬಿಟ್ಟ” ಅನ್ನುತ್ತೇವೆ. ‘ಬಿಟ್ಟ’ದಲ್ಲಿ ಒತ್ತು ಇದೆ ಅಂತ ನೀವು ಅದನ್ನು ಹೊರಗಿಟ್ಟಿರಿ. ಅಲ್ಲೇ ಓದುವವರ ಕೈಯೂ ಬಿಟ್ಟುಹೋಯಿತು.

ದೊಡ್ಡವರು ಓದು ಕಲಿಯುವುದಕ್ಕೂ ಮಕ್ಕಳು ಕಲಿಯುವುದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ದೊಡ್ಡವರ ಕಿವಿಯಲ್ಲಿ ಇಡೀ ಭಾಷೆ ಆಗಲೇ ಕೂತಿದೆ. ಬೆರಳಿಟ್ಟುಕೊಂಡು “ರಾಮು ಕುಡಿಯೋದು” ತನಕ ಬಂದವರಿಗೆ ಮುಂದೆ ‘ಬಿಟ್ಟ’ ಬರಬಹುದು ಅಂತ ಕಿವಿಯೇ ಹೇಳುತ್ತದೆ. ‘ಬಿ’ ಕಂಡರೆ ಸಾಕು, ಉಳಿದದ್ದನ್ನು ನಾಲಿಗೆ ಮುಗಿಸುತ್ತದೆ. “ದೂರ ಸರಿದನು”ವಿನಲ್ಲಿ ಒತ್ತಿಲ್ಲ ನಿಜ. ಆದರೆ ಅದನ್ನು ಅವರು ಬಾಯಲ್ಲಿ ಯಾವತ್ತೂ ಆಡಿಲ್ಲ, ಹಾಗಾಗಿ ಒಂದೊಂದೇ ಅಕ್ಷರ ಅಗೆದು ತೆಗೆಯಬೇಕು.

ಒತ್ತು ಬೇಡ ಅನ್ನುವ ನಿಯಮ ಎಲ್ಲಿಗೆ ಒಯ್ಯುತ್ತದೆ ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ ಎಲ್ಲರೂ ಮನೆಯಿಂದ ಹೊರಗೆ. ಕಣ್ಣು, ಹೊಟ್ಟೆ ಇಲ್ಲ. ಕಥೆಯಲ್ಲಿ ಯಾರೂ ಎದ್ದ, ಬಿದ್ದ, ನಕ್ಕ, ಅತ್ತ, ಕೊಟ್ಟ, ಕದ್ದ, ಗೆದ್ದ, ಸತ್ತ ಅನ್ನುವ ಹಾಗಿಲ್ಲ. ಮನುಷ್ಯರು ಮಾಡುವ ಕೆಲಸಗಳೆಲ್ಲ ಕನ್ನಡದಲ್ಲಿ ಒತ್ತಿನ ಮೇಲೇ ನಿಂತಿವೆ, ಅಲ್ವಾ? ಮೊದಲ ಕೆಲವು ವಾರ ಒತ್ತಕ್ಷರ ಕಡಿಮೆ ಇರಲಿ ಅನ್ನುವುದು ಸರಿಯಾದ ಮಾತು, ಒಪ್ಪುತ್ತೇನೆ. ಆದರೆ ಅದು ಪಾಠಕ್ಕೆ ಮಾಡಿದ ನಿಯಮ. ಕಥೆಗೆ ಅದನ್ನು ಹೊರಿಸಬೇಡಿ. ಲಕ್ಷ್ಮಿ ಅನ್ನುವ ಹೆಸರಿನವರು ನಿಮ್ಮ ತರಗತಿಯಲ್ಲಿದ್ದರೆ ‘ಕ್ಷ್ಮಿ’ಯನ್ನು ಎಷ್ಟು ಬೇಗ ಗುರುತಿಸುತ್ತಾರೆ ನೋಡಿ. ಮೂರು ವ್ಯಂಜನ ಒಂದರ ಮೇಲೊಂದು ಕೂತಿರುವ ಅಕ್ಷರ ಅದು. ತಮ್ಮದು ಅನ್ನಿಸಿದ್ದು ಕಷ್ಟ ಆಗುವುದಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಬಹಳ ವರ್ಷಗಳ ಹಿಂದೆ ಇಂಥ ಓದುಗರಿಗೆ ಒಂದು ಚಿಕ್ಕ ಕಥೆಯ ಹಾಳೆ ಮಾಡಿಕೊಟ್ಟಿದ್ದೆ. ಹೊಸದಾಗಿ ಓದು ಕಲಿತ ಐವತ್ತರ ಆಸುಪಾಸಿನ ಒಬ್ಬರು ನನ್ನ ಎದುರೇ ಕೂತು ಓದಿದರು. ಚೆನ್ನಾಗಿಯೇ ಸಾಗುತ್ತಿತ್ತು. ಒಂದು ಸಾಲಿನ ಕೊನೆಯಲ್ಲಿ “ಹೋಗಬೇಕಾ” ಅಂತ ಇತ್ತು, ಮುಂದಿನ ಸಾಲಿನ ಮೊದಲಲ್ಲಿ “ಗಿತ್ತು”. ಅವರ ಬೆರಳು ಅಲ್ಲೇ ನಿಂತಿತು. “ಗಿತ್ತು” ಅಂತ ಎರಡು ಸಲ ಜೋರಾಗಿ ಓದಿ, “ಗಿತ್ತು ಅಂದ್ರೇನು?” ಅಂತ ಕೇಳಿದರು. ದಿನಕ್ಕೆ ಹತ್ತು ಸಲ ಆಡುವ ಮಾತು ಸಾಲು ಮುರಿದದ್ದಕ್ಕೆ ಅವರಿಗೆ ಪರಭಾಷೆ ಆಯಿತು. ಹಾಳೆ ಮಡಚಿ, “ನನಗೆ ಬರಲ್ಲ ಬಿಡಿ” ಅಂದರು. ತಪ್ಪು ನನ್ನದು, ನಾಚಿಕೆ ಪಟ್ಟವರು ಅವರು. ಆ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ.

ಹಾಗಾಗಿ ಪದ ಒಡೆಯಬೇಡಿ. ಉಸಿರು ನಿಲ್ಲುವ ಕಡೆ ಸಾಲು ನಿಲ್ಲಲಿ. “ಮಾಡಬೇಕಾಗಿರುವುದರಿಂದ” ಥರದ ರೈಲುಗಾಡಿ ಪದ ಬಿಚ್ಚಿಡಿ. ಅಕ್ಷರ ದಪ್ಪ ಇರಲಿ, ಸಾಲುಗಳ ನಡುವೆ ಒತ್ತುಗಳಿಗೆ ಜಾಗ ಇರಲಿ. ಯಾರು ಮಾತಾಡುತ್ತಿದ್ದಾರೆ ಅನ್ನುವುದು ಮಾತಿಗೆ ಮೊದಲೇ ಗೊತ್ತಾಗಲಿ. ಇಷ್ಟು ಸಾಕು.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ತರಗತಿಯ ಒಳ್ಳೆಯ ಓದುಗರು ಅವರು. ನೀವು ಅವರನ್ನು ಸುಮ್ಮನಾಗಿಸಿದಿರಿ. ಕುಡಿತ ಕೆಟ್ಟದ್ದು ಅಂತ ಅವರಿಗೆ ನೀವು ಹೇಳಬೇಕೇ? ನಿಮಗಿಂತ ಜಾಸ್ತಿ ಬಾಳು ಕಂಡವರು. ಸಾಲ ತೀರಿಸಿದ್ದಾರೆ, ಹತ್ತಿರದವರನ್ನು ಮಣ್ಣು ಮಾಡಿ ಬಂದಿದ್ದಾರೆ. ಅಕ್ಷರ ತಡವಾಗಿ ಬಂತು ಅಷ್ಟೇ, ಬುದ್ಧಿ ತಡವಾಗಿ ಬರಲಿಲ್ಲ. ಔಷಧಿ ಚೀಟಿ, ಅರ್ಜಿ ಓದಲು ಬರಬೇಕು, ಅದಕ್ಕೆ ಬೇರೆ ಪುಸ್ತಕ ಇರಲಿ. ಕಥೆ ಅಂತ ಕೈಗೆ ಕೊಟ್ಟ ಮೇಲೆ ಅದು ಕಥೆಯೇ ಆಗಿರಬೇಕು.

ರಷ್ಯಾದ ಕಾದಂಬರಿಕಾರ ಟಾಲ್‌ಸ್ಟಾಯ್ ಅವರನ್ನು ನೆನೆಯುತ್ತೇನೆ. ‘ಯುದ್ಧ ಮತ್ತು ಶಾಂತಿ’ 1869ರಲ್ಲಿ ಮುಗಿಯಿತು. ಅದರ ಬೆನ್ನಿಗೇ, 1872ರಲ್ಲಿ, ಅವರು ತಂದದ್ದು ಅಕ್ಷರ ಕಲಿಯುವವರಿಗೆ ಓದಿನ ಪುಸ್ತಕ. ರೈತರ ಮಕ್ಕಳನ್ನು ಮುಂದಿಟ್ಟುಕೊಂಡು ಬರೆದದ್ದು. ಮಾಡದ ಕೊಲೆಗೆ ಸೈಬೀರಿಯಾದಲ್ಲಿ 26 ವರ್ಷ ಕಳೆದ ವ್ಯಾಪಾರಿಯ ಕಥೆ ಅದರಲ್ಲೇ ಇದೆ. ಕೆಲವೇ ಪುಟ. ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಅವನು ಸತ್ತಿರುತ್ತಾನೆ. ಹೊಸ ಓದುಗರಿಗೆ ಇಷ್ಟು ಭಾರ ಬೇಡ ಅಂತ ಅವರು ಅಂದುಕೊಳ್ಳಲಿಲ್ಲ. ಕಾಲು ಶತಮಾನದ ನಂತರ ಕಲೆಯ ಬಗ್ಗೆ ಬರೆಯುತ್ತಾ, ತಮ್ಮ ದೊಡ್ಡ ಕಾದಂಬರಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಈ ಕಥೆ ಮತ್ತು ಅದೇ ಪುಸ್ತಕದ ಇನ್ನೊಂದನ್ನು ಮಾತ್ರ ಒಳ್ಳೆಯ ಕಲೆ ಅಂತ ಉಳಿಸಿಕೊಂಡರು.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೋ ಫ್ರೇರಿ 1963ರಲ್ಲಿ ಆಂಜಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಕೆಲಸಗಾರರಿಗೆ 40 ಗಂಟೆಗಳಲ್ಲಿ ಓದು ಕಲಿಸಲು ಹೊರಟರು. ಪದಗಳ ಪಟ್ಟಿಯನ್ನು ಮೇಜಿನ ಮುಂದೆ ಕೂತು ಮಾಡಲಿಲ್ಲ. ಮೊದಲು ಜನರ ಮಾತು ಕೇಳಿದರು. ಅವರ ವಿಧಾನದಲ್ಲಿ ಕಟ್ಟಡ ಕೆಲಸದವರಿಗೆ ‘ಇಟ್ಟಿಗೆ’ ಅನ್ನುವ ಪದದಿಂದ ಓದು ಶುರು ಆದದ್ದೂ ಉಂಟು. ಮರುವರ್ಷ ಸೇನೆ ಅಧಿಕಾರ ಹಿಡಿದಾಗ ಅವರನ್ನು ಜೈಲಿಗೆ ಹಾಕಿದರು, ಆಮೇಲೆ ದೇಶ ಬಿಡಬೇಕಾಯಿತು.

ನನ್ನ ನೋವು ನಮ್ಮ ಲೇಖಕರ ಬಗ್ಗೆ. ಐರ್ಲೆಂಡ್‌ನಲ್ಲಿ 1998ರಿಂದ ಹೆಸರಾಂತ ಕಾದಂಬರಿಕಾರರೇ ಹೊಸದಾಗಿ ಓದು ಕಲಿಯುವ ದೊಡ್ಡವರಿಗೆ ಚಿಕ್ಕ ಪುಸ್ತಕ ಬರೆದರು. ಬ್ರಿಟನ್‌ನಲ್ಲಿ 2006ರಿಂದ ಅಂಥದ್ದೇ ಒಂದು ಮಾಲೆ ಬಂತು. ನಾನು ನಮ್ಮಲ್ಲಿ ಒಳ್ಳೆಯ ಕಥೆಗಾರರನ್ನು ಕೇಳಿದಾಗಲೆಲ್ಲ “ಅದು ಶಿಕ್ಷಕರ ಕೆಲಸ” ಅನ್ನುತ್ತಾರೆ. ಇಂಥ ಪುಸ್ತಕಕ್ಕೆ ವಿಮರ್ಶೆ ಬರೆಸಲು ಹೋದರೆ ಯಾರೂ ಒಪ್ಪುವುದಿಲ್ಲ. ಸುಲಭವಾಗಿ ಓದಿಸಿಕೊಂಡದ್ದು ಸುಲಭವಾಗಿ ಬರೆದದ್ದು ಅಂತ ನಂಬಿಬಿಟ್ಟಿದ್ದೇವೆ. ಇತ್ತ, ಕಷ್ಟಪಟ್ಟು ಅಕ್ಷರ ಕಲಿತವರು ಓದಲು ಏನೂ ಸಿಗದೆ ಕಲಿತದ್ದನ್ನೇ ಮರೆಯುತ್ತಾರೆ. ಎರಡು ವರ್ಷದಿಂದ ನೀವು ಕಣ್ಣಾರೆ ನೋಡುತ್ತಿರುವುದು ಅದನ್ನೇ. ಅದಕ್ಕೇ ನೀವು ಪೆನ್ನು ಹಿಡಿದದ್ದು ನನಗೆ ದೊಡ್ಡ ವಿಷಯ.

ಕುಡಿತದ ಕಥೆ ಹಾಗೇ ಇರಲಿ. ಆ ಹೆಂಗಸಿನ ಕಥೆ ಬರೆಯಿರಿ. ಮಧ್ಯರಾತ್ರಿ ಬಾಗಿಲು ಬಡಿದ ಸದ್ದಿಗೆ ಅವಳು ಯಾರು ಬಂದರು ಅಂದುಕೊಂಡು ಎದ್ದಳು? ತೆರೆದು ನೋಡಿದರೆ ಬೇರೆ ಯಾರೋ ಅಂತ ಗೊತ್ತಾದ ಮೇಲೂ ನೀರು ಯಾಕೆ ಕೊಟ್ಟಳು? ಮೂರು ಪುಟ ಸಾಕು. ಮೊದಲು ಆ ಹಿರಿಯರಿಗೆ ಓದಲು ಕೊಡಿ. ಬೆರಳು ಎಲ್ಲಿ ನಿಂತಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ಹಾಳೆಯನ್ನೇ ನಮಗೆ ಕಳಿಸಿ. ದಪ್ಪ ಅಕ್ಷರದಲ್ಲಿ, ಸಾಲು ಮುರಿಯದೆ ಅಚ್ಚು ಹಾಕುತ್ತೇವೆ.

– ಸಂಪಾದಕ