‘ಒನ್ ಕಟ್ ಆಫ್ ದಿ ಡೆಡ್’ ಚಿತ್ರವನ್ನು 20 ನಿಮಿಷಕ್ಕೆ ನಿಲ್ಲಿಸಿದರೆ ನಷ್ಟವೇನು?

ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ ಚಿತ್ರವನ್ನು 20 ನಿಮಿಷ ನೋಡಿ, ನಟನೆಯೂ ಛಾಯಾಗ್ರಹಣವೂ ತೀರಾ ಕಳಪೆ ಎನಿಸಿ ನಿಲ್ಲಿಸಿದ್ದಾಗಿ ಬರೆದಿದ್ದೀರಿ. ಸಿನಿಮಾ ತಯಾರಿಕೆಯ ಕುರಿತ ಉತ್ತಮ ಪ್ರಯೋಗವೆಂದು ಜನ ಇದನ್ನು ಹೊಗಳುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಅಂದಾಜು ಸರಿಯಾಗಿದೆ. ಆ ಭಾಗ ಕಳಪೆಯೇ, ಮತ್ತು ಹಾಗೆ ಕಾಣಲೆಂದೇ ನಿರ್ದೇಶಕ ಶಿನಿಚಿರೊ ಉಯೆಡಾ ಅದನ್ನು ಹೆಣೆದಿದ್ದಾರೆ. ಉತ್ತರಿಸುವಾಗ ಚಿತ್ರದ ರಚನೆಯನ್ನು ಹೇಳದೆ ವಿಧಿಯಿಲ್ಲ. ಗುಟ್ಟುಗಳನ್ನು ಮಾತ್ರ ನಿಮಗೇ ಬಿಡುತ್ತೇನೆ.

ಮೊದಲ 37 ನಿಮಿಷ ಎಲ್ಲಿಯೂ ಕತ್ತರಿಸದ ಒಂದೇ ಶಾಟ್: ಪಾಳುಬಿದ್ದ ಕಟ್ಟಡದಲ್ಲಿ ಜೋಂಬಿ (ಸತ್ತ ಮೇಲೂ ಎದ್ದು ಬಂದು ಜನರ ಮೇಲೆ ಬೀಳುವ ಹೆಣ) ಚಿತ್ರ ತೆಗೆಯುತ್ತಿದ್ದ ತಂಡದ ಮೇಲೆ ನಿಜವಾದ ಜೋಂಬಿಗಳೇ ಎರಗುತ್ತವೆ. ಆಮೇಲೆ ಕಥೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ‘ಬೇಗ, ಅಗ್ಗ, ಗುಣಮಟ್ಟ ಸಾಧಾರಣ’ ಎಂಬುದನ್ನೇ ತನ್ನ ಹೆಗ್ಗಳಿಕೆ ಮಾಡಿಕೊಂಡ ನಿರ್ದೇಶಕನೊಬ್ಬನಿಗೆ, ಟಿವಿಯಲ್ಲಿ ನೇರಪ್ರಸಾರವಾಗುವ ಜೋಂಬಿ ನಾಟಕವನ್ನು ಒಂದೇ ಶಾಟ್‌ನಲ್ಲಿ ಮುಗಿಸಿಕೊಡುವ ಕೆಲಸ ಸಿಗುತ್ತದೆ. ಕೊನೆಯ ಭಾಗದಲ್ಲಿ ನಾವು ಅದೇ 37 ನಿಮಿಷಗಳನ್ನು ಕ್ಯಾಮೆರಾದ ಹಿಂದೆ ನಿಂತು ನೋಡುತ್ತೇವೆ. ಪಾತ್ರಗಳು ಸಂದರ್ಭವಿಲ್ಲದೆ ತಮ್ಮ ಹವ್ಯಾಸಗಳ ಬಗ್ಗೆ ಹರಟಿದ್ದು, ಧ್ವನಿಮುದ್ರಣ ಮಾಡುವವನು ಕಾರಣವಿಲ್ಲದೆ ಹೊರಗೆ ಹೋಗುತ್ತೇನೆಂದು ಹಟ ಹಿಡಿದದ್ದು, ಹೀಗೆ ನಿಮಗೆ ಕಿರಿಕಿರಿ ತಂದ ಪ್ರತಿಯೊಂದಕ್ಕೂ ಅಲ್ಲಿ ಕಾರಣವಿದೆ, ಮತ್ತು ನಗು ಹುಟ್ಟುವುದು ಆ ಕಾರಣ ಹೊರಬೀಳುವ ಗಳಿಗೆಯಲ್ಲಿ.

ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಊರ ಹುಡುಗರು ಆಡುವ ಸಾಮಾಜಿಕ ನಾಟಕದಲ್ಲಿ ಪರದೆಯ ಹಿಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಕಿಯ ಬಣ್ಣ ಇನ್ನೂ ಮುಗಿದಿಲ್ಲವೆಂದು ಹಾಸ್ಯಪಾತ್ರದವನನ್ನು ಮುಂದಕ್ಕೆ ತಳ್ಳುತ್ತಾರೆ; ಅವನು ಬಾಯಿಗೆ ಬಂದದ್ದನ್ನು ಮಾತಾಡುತ್ತಾನೆ, ಪೇಟಿ ಮಾಸ್ತರರು ಕಥೆಗೆ ಸಂಬಂಧವಿಲ್ಲದ ಹಾಡೊಂದನ್ನು ಎತ್ತಿಕೊಳ್ಳುತ್ತಾರೆ. ಎದುರಿಗೆ ಕುಳಿತವರಿಗೆ ಅದು ಸಡಿಲವಾದ ನಾಟಕ. ಒಳಗಿದ್ದವರಿಗೆ ಅದು ನಾಟಕ ನಿಲ್ಲದಂತೆ ನೋಡಿಕೊಂಡ ಸಾಹಸ. ಈ ಚಿತ್ರ ಒಬ್ಬನೇ ಪ್ರೇಕ್ಷಕನನ್ನು ಮೊದಲು ಎದುರಿಗೆ ಕೂರಿಸಿ ಆಮೇಲೆ ಒಳಗೆ ಕರೆದೊಯ್ಯುತ್ತದೆ.

ಪ್ರಯೋಗವಿರುವುದು ಈ ಅನುಕ್ರಮದಲ್ಲಿ. ಫ್ರಾನ್ಸಿನ ತ್ರುಫೋ 1973ರಲ್ಲಿ ಮಾಡಿದ ‘ಡೇ ಫಾರ್ ನೈಟ್’ ಕೂಡ ಚಿತ್ರೀಕರಣದ ಪಾಡನ್ನೇ ಕಥೆಯಾಗಿಸಿಕೊಂಡಿದೆ. ಬೆಕ್ಕಿನ ಮರಿಯೊಂದು ಹಾಲು ಕುಡಿಯಲೊಲ್ಲದೆ ಇಡೀ ತಂಡವನ್ನು ಸತಾಯಿಸುವ ದೃಶ್ಯ ಅದರಲ್ಲಿದೆ. ಆದರೆ ಅಲ್ಲಿ ಕಷ್ಟವನ್ನು ಕಷ್ಟವೆಂದೇ ನೋಡುತ್ತೇವೆ. ಉಯೆಡಾ ಮೊದಲು ಫಲವನ್ನು ತೋರಿಸಿ, ಅದನ್ನು ನಾವು ಹಳಿದ ಮೇಲೆ ಅದರ ಹಿಂದಿನ ಶ್ರಮವನ್ನು ತೋರಿಸುತ್ತಾರೆ. ಪ್ರೇಕ್ಷಕ ಎದ್ದುಹೋದರೆ ಎಲ್ಲವೂ ವ್ಯರ್ಥವಾಗುವಂಥ ಈ ಧೈರ್ಯವನ್ನು ನಾನು 37 ನಿಮಿಷದ ಒಂದೇ ಶಾಟ್‌ಗಿಂತ ದೊಡ್ಡದೆಂದು ಭಾವಿಸುತ್ತೇನೆ. ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ನಮ್ಮ ಹುಡುಗರು ಆ ಶಾಟ್‌ನ ಚಮತ್ಕಾರವನ್ನಷ್ಟೇ ಅನುಕರಿಸಲು ಹೊರಡುವುದು ನನಗೆ ಬೇಸರದ ಸಂಗತಿ.

ಮಧ್ಯದ ಭಾಗ ಸ್ವಲ್ಪ ನಿಧಾನವೆಂಬುದು ನಿಜ. ಆದರೆ ರಾಜಿಯಲ್ಲೇ ಬದುಕುವ ತಂದೆ (ಕಥೆಯ ಆ ನಿರ್ದೇಶಕನೇ), ರಾಜಿಯೆಂದರೆ ಸಿಡಿಯುವ ಮಗಳು, ಪಾತ್ರದೊಳಗೆ ಮಿತಿಮೀರಿ ಮುಳುಗುವ ಕಾರಣಕ್ಕೆ ನಟನೆ ಬಿಟ್ಟಿರುವ ತಾಯಿ, ಈ ಮೂವರ ಪರಿಚಯ ಅಲ್ಲಿ ಆಗದಿದ್ದರೆ ಕೊನೆಯ ಭಾಗದಲ್ಲಿ ಬರಿಯ ಗಡಿಬಿಡಿ ಉಳಿಯುತ್ತಿತ್ತು.

ಹಣದ ಲೆಕ್ಕವನ್ನೂ ಹೇಳಬೇಕು. ನಟನಾ ಶಾಲೆಯೊಂದರ ಕಾರ್ಯಾಗಾರದ ಭಾಗವಾಗಿ, ಹೆಸರಿಲ್ಲದ ನಟರೊಂದಿಗೆ ತಯಾರಾದ ಇದರ ವೆಚ್ಚ ಸುಮಾರು 30 ಲಕ್ಷ ಯೆನ್, ಅಂದಿನ ದರದಲ್ಲಿ 20 ಲಕ್ಷ ರೂಪಾಯಿಗೂ ಕಡಿಮೆ. 2018ರ ಜೂನ್‌ನಲ್ಲಿ ಟೋಕಿಯೊದ ಎರಡು ಸಣ್ಣ ಚಿತ್ರಮಂದಿರಗಳಲ್ಲಿ ತೆರೆಕಂಡ ಚಿತ್ರ ಬಾಯಿಂದ ಬಾಯಿಗೆ ಹರಡಿ 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. 2022ರಲ್ಲಿ ಇದರ ಫ್ರೆಂಚ್ ರೂಪಾಂತರ ಕಾನ್ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಯಿತು.

ನಿಲ್ಲಿಸಿದ ಜಾಗದಿಂದಲ್ಲ, ಆರಂಭದಿಂದಲೇ ಮತ್ತೆ ನೋಡಿ. ಕೊನೆಯಲ್ಲಿ ಹೆಸರುಗಳು ಬರತೊಡಗಿದಾಗಲೂ ಏಳಬೇಡಿ: ಆ ಒಂದೇ ಶಾಟ್ ಅನ್ನು ನಿಜವಾಗಿ ಚಿತ್ರೀಕರಿಸಿದ ತಂಡ ಓಡಾಡುತ್ತಿರುವ ದೃಶ್ಯಗಳು ಬರುವುದು ಅಲ್ಲಿಯೇ.